ಮುಳ್ಳಿಟ್ಟ ಬಾಗಿಲು

ಕೆಂಪು ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಿದಾಗ ಬರುವ ಎಣ್ಣೆಯ ಘಾಟಿಗೆ ಇವತ್ತಿಗೂ ನಾನು ಮುಖ ತಿರುಗಿಸುತ್ತೇನೆ. ಹಾಗೆ ನೋಡಿದರೆ ನನಗೆ ಅನ್ನ ಹಾಕುವುದೂ ಅದೇ. ಸಮುದ್ರ ಏರಿದರೆ ಮೊದಲು ಮುಳುಗುವ ತಗ್ಗಿನ ಕೇರಿಗಳ ನಕ್ಷೆ, ಅಲ್ಲಿನ ಮನೆಗಳ ಪಟ್ಟಿ ಮಾಡುವುದು ನನ್ನ ಕೆಲಸ. ನೀರು ಎಲ್ಲಿಯವರೆಗೆ ಬರಬಹುದೋ ಅಲ್ಲಿ ಗೋಡೆಗೆ ಕೆಂಪು ಗೆರೆ ಎಳೆಯುತ್ತೇನೆ. ಸಮುದ್ರದ ಗಾಳಿಯೂ ಸೋಕದ ನಾರಾಯಣಖೇಡದ ಕಡೆಯವನಿಗೆ ಇದೆಂಥ ಹಣೆಬರಹ ಎಂದು ನೀವು ನಗಬಹುದು. ಆದರೆ ಆ ಗೆರೆಯನ್ನು ನಾನು ಮೊದಲು ಕಂಡದ್ದು ನಮ್ಮ ಮನೆಯ ಗೋಡೆಯ ಮೇಲೆಯೇ.

ನಮ್ಮದು ಹೊಳೆ ದಂಡೆಯ ಮಣ್ಣಿನ ಮನೆ. ಕುರಿಯ ಹಿಕ್ಕೆ, ಹಸಿ ಉಣ್ಣೆ, ಒಲೆಯ ಮೇಲಿನ ಜೋಳದ ರೊಟ್ಟಿ, ಮೂರೂ ಬೆರೆತ ಆ ಮನೆಯ ಗಾಳಿ ಇನ್ನೆಲ್ಲೂ ನನಗೆ ಸಿಗಲಿಲ್ಲ. ಸುಗ್ಗಿ ಮುಗಿದ ಮೇಲೆ ಮುತ್ಯಾ, ಅಂದರೆ ನನ್ನ ಅಜ್ಜ, ಮನೆಮಂದಿಯನ್ನೆಲ್ಲ ಕರೆದುಕೊಂಡು ಕುರಿಗಳ ಹಿಂದೆ ತಾಂಡೂರಿನ ಕಡೆಗೆ ಹೊರಡುತ್ತಿದ್ದ. ಅಲ್ಲಿನ ರೈತರ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿ, ಮುಂಗಾರಿಗೆ ಮರಳುವ ಬದುಕು ನಮ್ಮದು. ಹೊರಡುವ ದಿನ ಅಜ್ಜಿ ಬಾಗಿಲಿಗೆ ಬೀಗ ಹಾಕುತ್ತಿರಲಿಲ್ಲ. ಕದ ಮುಂದೆ ಮಾಡಿ, ಹೊಸ್ತಿಲು ಸಾರಿಸಿ, ಅಡ್ಡವಾಗಿ ಜಾಲಿಮುಳ್ಳಿನ ಕೊಂಬೆ ಒಟ್ಟಿಬಿಡುತ್ತಿದ್ದಳು. ಮುಳ್ಳಿಟ್ಟಿದೆ ಎಂದರೆ ಮನೆಯವರು ಮರಳುತ್ತಾರೆ ಎಂದು ಊರಿಗೆಲ್ಲ ಗೊತ್ತಿತ್ತು. ಕಳ್ಳನೂ ಅದನ್ನು ಮುಟ್ಟುತ್ತಿರಲಿಲ್ಲ.

ಹೊಳೆಗೆ ಕಟ್ಟುವ ಅಣೆಯ ನೀರು ಎಲ್ಲಿಗೆ ಬರುತ್ತದೆಂದು ಅಳೆಯುವವರು ಬಂದದ್ದು, ಒಂದು ವರ್ಷ ನಾವು ಮರಳುವ ನಾಲ್ಕೇ ದಿನ ಮೊದಲು. ಗೋಡೆಗೆ ಅವರು ಎಳೆದ ಕೆಂಪು ಗೆರೆಯ ಘಾಟು ಇನ್ನೂ ಆರಿರಲಿಲ್ಲ. ಮುಳ್ಳು ಕಂಡವರು ಪಟ್ಟಿಯಲ್ಲಿ 'ಪಾಳು' ಎಂದು ಬರೆದಿದ್ದರು. ಪಾಳು ಮನೆಗೆ ಬದಲಿ ಜಾಗ ಸಿಗುವುದಿಲ್ಲ. ಮುತ್ಯಾ ನನ್ನ ಕೈ ಹಿಡಿದು ಕಚೇರಿಗೆ ಹೋದ.

"ಪಾಳು ಹ್ಯಾಂಗ ಆತ್ರಿ ಸಾಹೇಬ್ರ? ಕುರಿ ಮೇಸಾಕ ಹೋಗಿದ್ದೆವ್ರಿ. ಮುಳ್ಳ ಇಟ್ಟಿದ್ದು ಕಾಣಲಿಲ್ಲೇನ್ರಿ?"

"ಕಂಡೇ ಬರದೀವಿ. ಪಟ್ಟಿ ಮ್ಯಾಲ ಹೋಗ್ಯಾದ," ಎಂದ ಸಾಹೇಬ, ಕಡ್ಡಿಯಿಂದ ಹಲ್ಲು ಕೆದಕುತ್ತ. ಕೆದಕಿದ್ದನ್ನು ನಮ್ಮ ಕಾಲ ಬಳಿಯೇ ಉಗುಳಿದ. ಆ ಮನುಷ್ಯನ ಮೇಲೆ ಅಂದು ಹುಟ್ಟಿದ ಹೇಸಿಗೆ ನನ್ನಲ್ಲಿ ಇವತ್ತಿಗೂ ಸತ್ತಿಲ್ಲ.

ಮುತ್ಯಾ ಮೇಜಿನ ಹತ್ತಿರ ಸರಿದ. ಆಮೇಲೆ, "ಮನಿ ಅದ ಅಂತ ಬರೀಬ್ಯಾಡ್ರಿ. ಇತ್ತು ಅಂತಾದ್ರೂ ಬರೀರಿ," ಎಂದ. ಸಾಹೇಬ ಅದನ್ನೂ ಬರೆಯಲಿಲ್ಲ. ಮರುವರ್ಷ ಮನೆ ನೀರಿಗೆ ಹೋಯಿತು. ಕುರಿ ಮಾರಿ ಜಹೀರಾಬಾದಿನ ಬಾಡಿಗೆ ಕೋಣೆ ಸೇರಿದೆವು. ಮುತ್ಯಾ, ಅಜ್ಜಿ ಇಬ್ಬರೂ ಅಲ್ಲೇ ತೀರಿಕೊಂಡರು.

ಮೊನ್ನೆ ಬೇಸಿಗೆಯಲ್ಲಿ ಕರಾವಳಿಯ ಒಂದು ಕೇರಿಗೆ ಹೋಗಿದ್ದೆ. ಸಾಲು ಗುಡಿಸಲುಗಳ ಬಾಗಿಲಿಗೆ ಹಳೆಯ ಬಲೆ ಬಿಗಿದು ಕಟ್ಟಿತ್ತು. ಮೀನಿಗಾಗಿ ಬೇರೆ ಬಂದರಿಗೆ ಹೋದವರು, ಬರುತ್ತಾರೆ ಎಂದು ನೋಡಿದ ಕೂಡಲೇ ನನಗೆ ತಿಳಿಯಿತು. ನನಗಲ್ಲದೆ ಇನ್ಯಾರಿಗೆ ತಿಳಿಯಬೇಕು? ಆದರೆ ಬಿಸಿಲು ಸುಡುತ್ತಿತ್ತು, ಜೀಪಿನವನು ಹಾರ್ನ್ ಹೊಡೆಯುತ್ತಿದ್ದ. 'ವಾಸವಿಲ್ಲ' ಎಂದು ಬರೆದು ಸಹಿ ಹಾಕಿದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ವಾರದ ನಂತರ ತಿದ್ದುತ್ತೇನೆಂದು ಮೇಲಿನವರನ್ನು ಕೇಳಿದರೆ ಪಟ್ಟಿ ಹೋಗಿದೆ ಎಂದರು. ಸಾಹೇಬನಿಗೆಂದು ಇಷ್ಟು ವರ್ಷ ಸಾಕಿದ ಹೇಸಿಗೆ ಈಗ ನನ್ನದೇ ಕೈಗೆ ಮೆತ್ತಿಕೊಂಡಿದೆ.

ಮಳೆಗಾಲ ಹಿಡಿದಿದೆ, ದೋಣಿಗಳು ದಡ ಸೇರುವ ಕಾಲ. ಆ ಜನ ಮರಳಿರಬೇಕು. ಬಲೆ ಬಿಚ್ಚಿ, ನೆಲ ಗುಡಿಸಿ, ಒಲೆ ಹಚ್ಚಿರಬೇಕು. ತಮ್ಮದು ಮನೆಯೇ ಅಲ್ಲ ಎಂಬುದು ಅವರಿಗೆ ಇನ್ನೂ ಗೊತ್ತಿಲ್ಲ.