ಪೆಟ್ಟಿಗೆ ತೆರೆಯದ ಭುವನೇಶ್ವರಿ

ಹವಾಲ್ದಾರ ಸಂಗಮೇಶ ಭುವನೇಶ್ವರಿಯನ್ನು ಮೊದಲು ಕಂಡದ್ದು ಬಸವನ ಬಾಗೇವಾಡಿಯ ಪ್ರವಾಸಿ ಮಂದಿರದ ಪಡಸಾಲೆಯಲ್ಲಿ, ಬೆಳಗಿನ ಹತ್ತಕ್ಕೆ. ಆರೋಪಿಗಳ ಸುಳ್ಳು ಪತ್ತೆ ಪರೀಕ್ಷೆ ಮಾಡುವ ತಜ್ಞೆ ಆಕೆ, ಬಸ್ಸಿಳಿದು ನಡೆದೇ ಬಂದಿದ್ದಳು. ಒಂದು ಕೈಯಲ್ಲಿ ಸುಳ್ಳು ಪತ್ತೆ ಯಂತ್ರದ ಕರಿ ಪೆಟ್ಟಿಗೆ, ಇನ್ನೊಂದರಲ್ಲಿ ರೊಟ್ಟಿಬುತ್ತಿ. ಎಡಗಾಲಿನ ಚಪ್ಪಲಿಗೆ ಬೇರೆ ಬಣ್ಣದ ದಾರದ ಹೊಲಿಗೆ. ಕನ್ನೊಳ್ಳಿಯಲ್ಲಿ ಹತ್ತಿ ಬಿಡಿಸುತ್ತಲೇ ಓದಿ, ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜು ಕಂಡವಳು.

ಇಪ್ಪತ್ತೆರಡು ವರ್ಷ ಇಂಡಿಯಿಂದ ಮುದ್ದೇಬಿಹಾಳದವರೆಗಿನ ಠಾಣೆಗಳ ನೀರು ಕುಡಿದಿದ್ದ ಸಂಗಮೇಶನಿಗೆ ನಗು ಬಂತು.

"ಇಕಿ ಕಳ್ಳರನ್ನ ಮಾತಾಡಸ್ತಾಳಂತ. ಅಂಗನವಾಡಿಗೆ ಕಳಿಸಿದ್ರ ಛಲೋ ಇತ್ತು," ಎಂದು ಜೀಪಿನ ಚಾಲಕನಿಗೆ ಹೇಳಿದ. ಚಾಲಕ ನಗಲಿಲ್ಲ. ಸಂಗಮೇಶ ಅವನ ಪಾಲಿನದನ್ನೂ ತಾನೇ ನಕ್ಕ.

ಅಂದು ಪರೀಕ್ಷೆಗೆ ಬಂದವನು ಶಂಕ್ರೆಪ್ಪ, ಮುಳವಾಡದ ಹತ್ತಿರ ಗುತ್ತಿಗೆದಾರನೊಬ್ಬನ ಗೋದಾಮಿನ ಕಾವಲುಗಾರ. ಬೀಗ ಮುರಿಯದೆ ಗೋದಾಮಿನ ತಾಮ್ರದ ಕೇಬಲ್ಲು ಮಾಯವಾಗಿತ್ತು. ಕೀಲಿ ಇದ್ದದ್ದು ಅವನ ಸೊಂಟದಲ್ಲಿ. ನ್ಯಾಯಾಧೀಶರ ಮುಂದೆ ಪರೀಕ್ಷೆಗೆ ಒಪ್ಪಿ ಹೆಬ್ಬೆಟ್ಟು ಒತ್ತಿದ್ದ. ಕಳ್ಳನೆಂದಾದರೆ ಜೈಲು ಗ್ಯಾರಂಟಿ.

ಶಂಕ್ರೆಪ್ಪನ ಧೋತರದಿಂದ ಫರಸಿ ಕಲ್ಲಿನ ನೆಲದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು.

"ಒದ್ದಿ ಅರಬಿ ಯಾಕ ಕಾಕಾ?" ಎಂದು ಭುವನೇಶ್ವರಿ ಕೇಳಿದಳು.

"ಆಣಿ ಮಾಡಾಕ ಜಳಕಾ ಮಾಡಿ ಬಂದೇನ್ರಿ. ನಿನ್ನಿಯಿಂದ ಉಪಾಸ ಅದೇನಿ."

"ಯಾರ ಹೇಳಿದ್ರು?"

ಶಂಕ್ರೆಪ್ಪ ಸಂಗಮೇಶನ ಕಡೆ ನೋಡಿದ. ಸಂಗಮೇಶ ಎದೆ ಉಬ್ಬಿಸಿದ. "ನಾನ ಹೇಳೇನ್ರಿ ಮೇಡಮ್ಮರ. ಇದು ಮಷೀನಲ್ಲ, ದೇವರು, ಸುಳ್ಳ ಹೇಳಿದ್ರ ರಕ್ತ ಕಾರ್ತಿ ಅಂದೇನಿ. ನಿಮ್ಮ ಅರ್ಧಾ ಕೆಲಸ ಮುಗಿಸೇನ್ರಿ."

"ಅರ್ಧಾ ಅಲ್ರಿ, ಪೂರಾ ಕೆಡಿಸೀರಿ," ಎಂದಳು ಆಕೆ. "ಉಪಾಸ ಇದ್ದಾವಗ ಪರೀಕ್ಷಾ ಮಾಡಾಕ ಬರಂಗಿಲ್ಲ. ಜೀಪಿನ್ಯಾಗ ನಿಮ್ಮ ಲುಂಗಿ ಐತೇನು?"

ಹೀಗೆ ಆರೋಪಿಗೆ ಹವಾಲ್ದಾರನ ಲುಂಗಿ, ತಜ್ಞೆಯ ರೊಟ್ಟಿ ಸಿಕ್ಕವು. ಸಂಗಮೇಶ ಬಾಗಿಲಿಗೆ ಒರಗಿ ನಿಂತು ಈ ಬೀಗರ ಉಪಚಾರ ನೋಡುತ್ತಿದ್ದ. ಆಕೆ ಪೆಟ್ಟಿಗೆ ತೆರೆಯಲೇ ಇಲ್ಲ.

"ಇದು ದೇವರಲ್ಲ ಕಾಕಾ. ಉಸಿರು, ನಾಡಿ, ಬೆವರು, ಇಷ್ಟ ನೋಡ್ತೈತಿ. ಒಮ್ಮೊಮ್ಮಿ ತಪ್ಪತೈತಿ. ನೀವು ಒಲ್ಲೆ ಅಂದು ಈಗ ಎದ್ದು ಹೋಗಬಹುದು, ಅದಕ್ಕ ನೀವು ಕಳ್ಳ ಆಗಂಗಿಲ್ಲ. ಪರೀಕ್ಷಾ ಇವತ್ತ ಇಲ್ಲ, ಮುಂದ ಕೇಳೂ ಪ್ರಶ್ನಿ ಎಲ್ಲಾ ಓದಿ ಹೇಳ್ತೇನಿ ಅಷ್ಟ."

"ಕಳ್ಳಗ ಪ್ರಶ್ನಪತ್ರಿಕಿ ಮೊದಲ ಕೊಟ್ಟಂಗಾತು," ಎಂದ ಸಂಗಮೇಶ. "ಮೇಡಮ್ಮರ, ಕೇಬಲ್ ಸಿಕ್ಕೈತಿ, ನಿನ್ನ ಹೆಸರ ಬಾಯಿಬಿಟ್ಟಾರ ಅಂತ ಒಂದ ಮಾತ ಒಗೀರಿ. ಮುಗೀತು."

"ಸಿಕ್ಕೈತೇನು?"

"ಇಲ್ರಿ."

"ಮತ್ತ ನಾ ಯಾಕ ಸುಳ್ಳ ಹೇಳ್ಲಿ? ಹೊರಗ ಕುಂದರ್ರಿ."

ಸಂಗಮೇಶ ಹೊರಗೆ ಹೋಗಿ ಕಿಟಕಿಯ ಕೆಳಗೇ ಕುಳಿತ. ಪ್ರಶ್ನೆಗಳು ಒಂದೊಂದಾಗಿ ಕೇಳಿಬಂದವು. "ಕೀಲಿ ಯಾರಿಗರೆ ಕೊಟ್ಟಿದ್ರೇನು?" ಎಂಬಲ್ಲಿಗೆ ಶಂಕ್ರೆಪ್ಪ ಅಗಿಯುವುದನ್ನು ನಿಲ್ಲಿಸಿದ.

"ಅದೊಂದ ಬ್ಯಾಡ್ರಿ ಯವ್ವಾ. ಇಭೂತಿ ಮುಟ್ಟಿ ಆಣಿ ಮಾಡೇನಿ, ಹೇಳಂಗಿಲ್ಲಂತ. ಇವತ್ತ ರಕ್ತ ಕಾರಿ ಸತ್ರ ಸಾಯ್ಲಿ, ಆಣಿ ಉಳೀಲಿ ಅಂತನ ಜಳಕಾ ಮಾಡಿ ಬಂದೇನಿ."

ಕಿಟಕಿಯ ಕೆಳಗೆ ಸಂಗಮೇಶನ ಮೀಸೆ ಇಳಿಯಿತು. ಅವನು ಬೆದರಿಸಿದ್ದಕ್ಕೆ ಆ ಮನುಷ್ಯ ಸಾಯಲು ತಯಾರಾಗಿ ಬಂದಿದ್ದ, ಬಾಯಿಬಿಡಲಿಕ್ಕಲ್ಲ.

"ಆಣಿ ಮುರೀರಿ ಅಂತ ನಾ ಹೇಳಂಗಿಲ್ಲ," ಎಂದಳು ಭುವನೇಶ್ವರಿ. "ಅದು ನಿಮಗ ಬಿಟ್ಟದ್ದು. ಆದ್ರ ಆಣಿ ಹಾಕಿಸ್ದಾವ ಈಗ ಎಲ್ಲಿ ಅದಾನು? ನಿಮಗ ಜೈಲಾಗ್ತೈತಿ ಅನ್ನೂದು ಅವಗ ಗೊತ್ತೈತೋ ಇಲ್ಲೋ? ವಿಚಾರ ಮಾಡ್ರಿ. ನನಗ ಅವಸರಿಲ್ಲ."

ಶಂಕ್ರೆಪ್ಪ ಎರಡನೆಯ ರೊಟ್ಟಿಯನ್ನೂ ತಿಂದು ಮುಗಿಸಿದ.

"ಗೊತ್ತಿದ್ದನ ಹಾಕಿಸ್ಯಾನ್ರಿ," ಎಂದ ಶಂಕ್ರೆಪ್ಪ ಕೊನೆಗೆ. "ಗುತ್ತಿಗೆದಾರನ ಅಳಿಯ, ಸಿದ್ರಾಮ. ಸಂಜಿಮುಂದ ಕೀಲಿ ಒಯ್ದಿದ್ದ."

ಆಕೆ ಅದನ್ನು ಬರೆದುಕೊಂಡು, ಓದಿ ಹೇಳಿ, ತನ್ನ ವಕೀಲರಿಗೂ ತಿಳಿಸುವಂತೆ ಅವನಿಗೆ ಹೇಳಿದಳು. ಪೊಲೀಸರು ಹುಡುಕಿದಾಗ ಕೇಬಲ್ಲು ಮುದ್ದೇಬಿಹಾಳದಲ್ಲಿ, ಸಿದ್ರಾಮನ ಹೊಲದ ಜೋಳದ ಕಣಕಿ ಬಣವೆಯ ಅಡಿಯಲ್ಲಿ ಸಿಕ್ಕಿತು. ಶಂಕ್ರೆಪ್ಪನ ಮೇಲಿನ ಆರೋಪ ಬಿದ್ದುಹೋಯಿತು. ಇನ್ನೊಬ್ಬರ ಬೀಗ ಕಾಯುವುದು ಸಾಕೆಂದು ಅವನು ಎರಡು ಆಡು ಕಟ್ಟಿದ.

ಸುಳ್ಳು ಬೆದರಿಕೆ ಹಾಕಿ ಆರೋಪಿಯನ್ನು ಉಪವಾಸ ಕರೆತಂದಿದ್ದರೆಂದು ಭುವನೇಶ್ವರಿ ತನ್ನ ವರದಿಯಲ್ಲಿ ಬರೆದಿದ್ದಳು. ಸಂಗಮೇಶನಿಗೆ ನೋಟಿಸು ಬಂತು. ತಾನು ಅಂಥ ಮಾತೇ ಆಡಿಲ್ಲವೆಂದು ಅವನು ನೀಟಾದ ಅಕ್ಷರದಲ್ಲಿ ಉತ್ತರ ಕೊಟ್ಟ. ಅವನನ್ನು ಯಂತ್ರದ ಮುಂದೆ ಕೂರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಲುಂಗಿ ಮಾತ್ರ ಶಂಕ್ರೆಪ್ಪನ ಮನೆಯಿಂದ ಒಗೆದು ಮಡಚಿ ವಾಪಸು ಬಂತು.

ಭುವನೇಶ್ವರಿ ಈಗಲೂ ಅದೇ ಕೆಲಸದಲ್ಲಿದ್ದಾಳೆ. ಕರೆ ಬಂದಾಗ ಇಂಡಿಗೋ ಸಿಂದಗಿಗೋ ಬಸ್ಸಿನಲ್ಲಿ ಹೋಗಿ, ಪರೀಕ್ಷೆಗೆ ಮೊದಲು ಆರೋಪಿಗಳ ಜೊತೆ ಮಾತಾಡುತ್ತಾಳೆ.