ಭದ್ರಾವತಿಯಲ್ಲಿ ಖಾಲಿಯಾಗದ ಎಲೆ

ಎಲೆಯ ಮೇಲಿದ್ದುದನ್ನು ಖಾಲಿ ಮಾಡಿದಷ್ಟೂ ಮತ್ತೆ ತಂದು ಬಡಿಸುತ್ತಿದ್ದರು. ಪಾಯಸ ಮುಗಿಸಿದೆ, ಪಾಯಸ ಬಂತು. ಹೋಳಿಗೆ ಮುಗಿಸಿದೆ, ಇನ್ನೊಂದು ಹೋಳಿಗೆ ಬಂತು, ಅದರ ಮೇಲೆ ತುಪ್ಪವೂ ಬಂತು. ಭದ್ರಾವತಿಗೆ ವರ್ಗವಾಗಿ ಬಂದ ಹೊಸತು ಅದು. ಅಲ್ಲಿನ ಜನ್ನಾಪುರ ಬಡಾವಣೆಯಲ್ಲಿ ನಾನು ಬಾಡಿಗೆಗಿರುವ ಮನೆಯ ಯಜಮಾನಿ ಗಿರಿಜಮ್ಮ, ಮೊಮ್ಮಗಳ ನಾಮಕರಣಕ್ಕೆಂದು ಶಿವಮೊಗ್ಗದ ಗೋಪಾಳದಲ್ಲಿರುವ ಮಗಳ ಮನೆಗೆ ನನ್ನನ್ನೂ ಕರೆದೊಯ್ದಿದ್ದರು. ಪಕ್ಕದಲ್ಲಿ ಕೂತವರೆಲ್ಲ ಒಂದೊಂದು ಚೂರನ್ನು ಎಲೆಯಂಚಿಗೆ ಸರಿಸಿ ನಿಶ್ಚಿಂತೆಯಿಂದಿದ್ದರು.

ನಮ್ಮ ವಿಜಯಪುರದ ಕಡೆಯವರಿಗೆ ನನ್ನ ಪೇಚಾಟವನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಮನೆಗಳಲ್ಲಿ ತಾಟಿನಲ್ಲಿ ಒಂದಗಳು ಬಿಟ್ಟರೂ ಅದು ಪ್ರಸಾದಕ್ಕೆ ಮಾಡಿದ ಅಪಮಾನ. ತಾಟಿಗೆ ನೀರು ಹಾಕಿ, ಬೆರಳಿನಿಂದ ಬಳಿದು, ಆ ನೀರನ್ನೂ ಕುಡಿದೇ ಏಳುವವರು ನಾವು. ಇಲ್ಲಿಯವರಿಗೆ ಖಾಲಿ ಎಲೆ ಕಂಡರೆ ಉಣ್ಣುವವರ ಹೊಟ್ಟೆ ತುಂಬಿಲ್ಲವೆಂದೇ ಲೆಕ್ಕ.

“ಟೀಚರ್‌ಗೆ ಇನ್ನೊಂದು ಹಾಕ್ರೇ! ನೋಡಿ, ಎಷ್ಟು ಚೆನ್ನಾಗಿ ತಿಂತಾರೆ,” ಎಂದು ಗಿರಿಜಮ್ಮ ಅಲ್ಲಿಂದಲೇ ಕೂಗಿದರು. ಸಾಲಿನಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

ನನಗೆ ಸಕ್ಕರೆ ಕಾಯಿಲೆಯಿರುವುದು ಅವರಿಗೆ ಗೊತ್ತಿರಲಿಲ್ಲ. ಇನ್ನೂ ನಲವತ್ತು ತುಂಬಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು ಬೇರೆ. ಆಹಾರದ ಪಾಠ ಬಂದಾಗ ಪಿಷ್ಟ, ನಾರು, ಸುಣ್ಣದಂಶ ಎಂದು ಬೋರ್ಡಿನ ತುಂಬ ಬರೆದು, ಸಂಜೆ ಗಿರಿಜಮ್ಮನ ಮನೆಯ ಕೇಸರಿಬಾತಿನ ಮುಂದೆ ಕೂರುತ್ತಿದ್ದೆ. ಈ ವಯಸ್ಸಿಗೇ ಮಾತ್ರೆ ನುಂಗುವುದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು. ಜೊತೆಗೆ ಭಯವೂ ಇತ್ತು. ಈ ಊರಲ್ಲಿ ನನ್ನನ್ನು ಊಟಕ್ಕೆ ಕರೆಯುವ ಮನೆ ಅದೊಂದೇ. ವಿಷಯ ತಿಳಿದು ಅವರು ಕರೆಯುವುದನ್ನೇ ನಿಲ್ಲಿಸಿದರೆ ಗೋಡೆ ನೋಡುತ್ತ ಒಬ್ಬಳೇ ಉಣ್ಣಬೇಕಿತ್ತು. ಹಾಗಾಗಿ ಸುಮ್ಮನಿದ್ದೆ.

ಉಳಿದದ್ದೆಲ್ಲ ನಿಧಾನಕ್ಕೆ ರೂಢಿಯಾಯಿತು. ತಂಬುಳಿ ಮಾಡುವುದನ್ನು ಕಲಿತೆ. ಸೊಪ್ಪನ್ನು ಬಾಡಿಸಿ, ಕಾಯಿಯೊಡನೆ ರುಬ್ಬಿ, ಮಜ್ಜಿಗೆ ಬೆರೆಸಿ ಅನ್ನಕ್ಕೆ ಕಲಸಿಕೊಳ್ಳುವ ತಣ್ಣನೆಯ ಪದಾರ್ಥವದು. ನನ್ನ ‘ಬ್ಯಾಡ್ರಿ’ ಕೇಳಿ ನಗುತ್ತಿದ್ದ ದಿನಸಿ ಅಂಗಡಿಯ ತಮಿಳು ಹೆಂಗಸೇ ಕೊನೆಗೆ ನನಗಾಗಿ ಜೋಳದ ಹಿಟ್ಟು ತರಿಸಿಟ್ಟಳು. ಅವತ್ತು ರೊಟ್ಟಿ ತಟ್ಟಿದ ಸದ್ದಿಗೆ ಕಣ್ಣು ತುಂಬಿ ಬಂತು. ಆದರೆ ರಕ್ತದಲ್ಲಿ ಸಕ್ಕರೆ ಏರುತ್ತಲೇ ಇತ್ತು. ಎರಡು ಹೊತ್ತೂ ಅನ್ನ ಉಣ್ಣುವ ಈ ಊರನ್ನು ಮನಸ್ಸಿನಲ್ಲೇ ಬೈದುಕೊಂಡೆ.

ಜನ್ನಾಪುರದವರ ಕಣ್ಣಿಗೆ ಬೀಳಬಾರದೆಂದು ಶಿವಮೊಗ್ಗದ ಸಕ್ಕರೆ ಕಾಯಿಲೆಯ ಡಾಕ್ಟರ ಬಳಿ ಹೋದೆ. ನಮ್ಮೂರಲ್ಲಿ ರೊಟ್ಟಿ ತಿನ್ನುವಾಗ ಇಷ್ಟಿರಲಿಲ್ಲ ಎಂದು ದೂರಿದೆ.

“ರೊಟ್ಟಿನೂ ಪಿಷ್ಟವೇ ಅಲ್ವಾ ಮೇಡಂ? ಎಷ್ಟು ತಿಂತೀರಿ, ಜೊತೆಗೆ ಏನು ತಿಂತೀರಿ, ಅದನ್ನ ನೋಡ್ಕೊಳ್ಳಿ. ಕಾಳು, ತರಕಾರಿ ಜಾಸ್ತಿ ಮಾಡಿ,” ಎಂದ ಡಾಕ್ಟರು, “ಸಿಹಿ ತಿಂತೀರಾ?” ಎಂದು ಕೇಳಿದರು. ದಿನ ಬೆಳಗಾದರೆ ಮಕ್ಕಳಿಗೆ ಹೇಳುವ ಪಾಠವನ್ನೇ ಕೇಳಿಸಿಕೊಂಡು ತಲೆ ತಗ್ಗಿಸಿದೆ.

ಹೊರಗೆ ಬಂದರೆ ಬೆಂಚಿನ ಮೇಲೆ ಗಿರಿಜಮ್ಮ ಕೂತಿದ್ದರು.

ಅವರೂ ಗಾಬರಿಯಾದರು. ನನ್ನ ಕೈಯಲ್ಲಿದ್ದ ಚೀಟಿಯನ್ನು, ನನ್ನ ಮುಖವನ್ನು ನೋಡಿ, “ನಿಮಗೂನಾ? ಯಾವಾಗಿಂದ?” ಎಂದರು.

“ಇಲ್ಲಿಗೆ ಬರೂ ಮೊದಲಿಂದನೂ ಐತ್ರಿ.”

“ಅಯ್ಯೋ ಮಾರಾಯ್ತಿ! ನಂಗೆ ಸಿಹಿ ಮುಟ್ಟಂಗಿಲ್ಲ. ಮಾಡೋ ಆಸೆ ಬಿಡಲ್ಲ. ನೀವು ತಿಂದ್ರೆ ನಾನೇ ತಿಂದಷ್ಟು ಖುಷಿ ಆಗ್ತಿತ್ತು. ಇಷ್ಟು ದಿನ ನಿಮಗೆ ವಿಷ ಹಾಕಿದ್ನಲ್ಲ!” ಸೆರಗನ್ನು ಬಾಯಿಗೊತ್ತಿಕೊಂಡು ಅತ್ತರು. ತಪ್ಪು ನನ್ನದು, ಅಳು ಅವರದು.

ಅವರು ಕರೆಯುವುದನ್ನೇನೂ ನಿಲ್ಲಿಸಲಿಲ್ಲ. ಈಗ ಒಂದು ಸಣ್ಣ ಬಟ್ಟಲು ಅನ್ನ, ಹೆಸರುಕಾಳಿನ ಸಾರು, ಪಲ್ಯ ಇರುತ್ತದೆ. ಸಾಕು ಎಂದರೆ ಸೌಟು ಅಲ್ಲಿಗೇ ನಿಲ್ಲುತ್ತದೆ. ಸಕ್ಕರೆ ಹತೋಟಿಗೆ ಬಂದಿದೆ. ಆದರೂ ಯಾರೂ ಒತ್ತಾಯ ಮಾಡದ ಆ ಊಟದಲ್ಲಿ ನಾನು ಬಾಡಿಗೆಯವಳೆಂಬುದು ನೆನಪಾಗುತ್ತದೆ. ಹೀಗನಿಸುವುದಕ್ಕೂ ನಾಚಿಕೆಯೇ.

ಮೊನ್ನೆ ಹಬ್ಬದ ದಿನ ಗಿರಿಜಮ್ಮನ ಅಡುಗೆಮನೆಯಲ್ಲಿ ಉಣ್ಣುತ್ತಿದ್ದಾಗ ಊರಿಂದ ಅವ್ವನ ಫೋನು ಬಂತು.

“ಹಬ್ಬಕ್ಕ ಏನ್ ಮಾಡ್ಯಾರವಾ?”

“ಹೋಳಿಗಿ ಯವ್ವಾ. ಹಾಲು ತುಪ್ಪ ಹಾಕ್ಕೊಂಡು ಉಣ್ಣಾಕತ್ತೀನಿ.”

“ಹೊಟ್ಟಿ ತುಂಬ ಉಣ್ಣು. ಊರಿಗೆ ಬಂದಾಗ ನಾನೂ ಮಾಡ್ತೀನಿ.”

ನನ್ನ ತಟ್ಟೆಯಲ್ಲಿ ಹುರುಳಿಕಾಯಿ ಪಲ್ಯವಿತ್ತು. ಗಿರಿಜಮ್ಮ ಒಲೆ ಆರಿಸಿ ಇತ್ತ ತಿರುಗಿದರು.

“ತಾಯಿಗೂ ಹೇಳಿಲ್ವಾ?”

“ಇಲ್ರಿ.”

“ಯಾಕೆ?”

“ಆಕಿನೂ ಬಡಿಸೂದು ನಿಲ್ಲಿಸ್ತಾಳ್ರಿ.”

ಬಾಯಿ ತಪ್ಪಿ ಬಂದ ಮಾತು. ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಗಿರಿಜಮ್ಮ ಬಾಣಲೆ ಎತ್ತಿಕೊಂಡು ಬಂದು, ನಾನು ಕೈ ಅಡ್ಡ ಹಿಡಿದರೂ ಕೇಳದೆ, ಉಳಿದ ಪಲ್ಯವನ್ನೆಲ್ಲ ನನ್ನ ತಟ್ಟೆಗೆ ಸುರಿದರು.