ಚೂರಾಗಿ ಕೂತ ನಕ್ಷೆಗಳು

ಪರದೆ ಬಟ್ಟೆ ನೇಯುವ ಆ ಗಿರಣಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಕಂಪ್ಯೂಟರಕ್ಕ ಎಂದೇ. ಆದರೆ ಅವಳು ಕೆಲಸಕ್ಕೆ ಸೇರಿದಾಗ ಅಲ್ಲಿ ಕಂಪ್ಯೂಟರೇ ಇರಲಿಲ್ಲ. ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯಲು ಬಂದ ಹುಡುಗಿ ಅವಳು. ಯಾವ ನೂಲು ಎತ್ತಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮಗ್ಗ ಆ ತೂತುಗಳಿಂದಲೇ ತಿಳಿದುಕೊಳ್ಳುತ್ತಿತ್ತು. ಪಕ್ಕದ ಕೋಣೆಯಲ್ಲಿ ಚೌಕಳಿ ಕಾಗದದ ಮೇಲೆ ಹೂ ಬಳ್ಳಿ ಬರೆಯುತ್ತಿದ್ದ ನಕ್ಷೆಗಾರರು, "ನನ್ನ ಬಳ್ಳಿಯ ಒಂದೆಲೆ ಉದುರಿಸದ ಹಾಗೆ ಹೊಡೀತಾಳಪ್ಪ ಈ ಹುಡುಗಿ" ಎಂದು ಮೆಚ್ಚಿ, ತಮ್ಮ ಮಗನಿಗೇ ಹೆಂಡತಿಯಾಗಿ ತಂದುಕೊಂಡರು.

ಮಾವ ಸೊಸೆಯ ನಡುವೆ ಹುಳಿ ಹಿಂಡಿದ್ದು ಯುನಿಕ್ಸ್ ಎಂಬ ತಂತ್ರಾಂಶದಲ್ಲಿ ಓಡುವ ಕಂಪ್ಯೂಟರ್. ಅದು ಬಂದದ್ದೇ ತಡ, ರಟ್ಟೂ ಹೋಯಿತು, ಚೌಕಳಿ ಕಾಗದವೂ ಹೋಯಿತು. ಮಾವ ಬರೆದಿದ್ದ ನಕ್ಷೆಗಳನ್ನೆಲ್ಲ ಸೊಸೆಯೇ ಕೂತು ಚೌಕ ಚೌಕವಾಗಿ ಅದರೊಳಗೆ ತುಂಬಿದಳು. ಕಾಗದಗಳು ಗೋದಾಮಿನಲ್ಲಿ ಗೆದ್ದಲ ಪಾಲಾದವು. "ನನ್ನ ಹೂವನ್ನೆಲ್ಲ ತಗಡಿನ ಡಬ್ಬಕ್ಕೆ ಸುರಿದುಬಿಟ್ಯಲ್ಲಮ್ಮ" ಎಂದವರು ಕೆಲಸ ಬಿಟ್ಟು ಮನೆ ಸೇರಿದರು. ಆಮೇಲೆ ಮನೆಯಲ್ಲಿ ಎಲ್ಲದರ ಮಾತೂ ಬರುತ್ತಿತ್ತು, ಆ ಡಬ್ಬದ್ದು ಬಿಟ್ಟು.

ವರ್ಷಗಳು ಉರುಳಿದವು. ಡಬ್ಬಕ್ಕೂ ವಯಸ್ಸಾಯಿತು. ಮಗ್ಗಗಳು ಒಂದೊಂದು ಎಳೆಗೂ ಅದರ ಬಾಯಿ ನೋಡುತ್ತ ಕೂರಬೇಕು. ಅದೋ, ಡಿಸ್ಕಿನಿಂದ ನಕ್ಷೆ ಓದಿ ಕೊಡಲು ಹೆಣಗಾಡುತ್ತಿತ್ತು. ಉತ್ತರ ತಡವಾದರೆ ಮಗ್ಗ ನಿಲ್ಲುತ್ತಿತ್ತು. ನಿಂತು ಹೊರಟಲ್ಲೆಲ್ಲ ಬಟ್ಟೆಯಲ್ಲಿ ಅಡ್ಡಕ್ಕೆ ಒಂದು ಸಣ್ಣ ಗೆರೆ. ಮಡಚಿಟ್ಟರೆ ಕಾಣದು; ಕಿಟಕಿಗೆ ತೂಗುಹಾಕಿ ಬಿಸಿಲು ಬಿತ್ತೋ, ಕಣ್ಣಿಗೆ ಹೊಡೆಯುತ್ತದೆ. ಕೊಂಡವರು ಬಟ್ಟೆಯ ಥಾನುಗಳನ್ನು ವಾಪಸು ಕಳಿಸತೊಡಗಿದರು.

ಮಗ್ಗದ ಮೇಸ್ತ್ರಿಗೆ ಗುಡುಗಣ್ಣ ಎಂದು ಹೆಸರು. ಅಷ್ಟು ಮಗ್ಗಗಳ ಸದ್ದನ್ನು ಮೀರಿಸುವ ಗಂಟಲು ಅವನದು. ಅವನು ಬಾಗಿಲಲ್ಲೇ ನಿಂತು, "ಅಕ್ಕಾ, ನಿನ್ನ ಯಂತ್ರ ಯೋಚನೆ ಮಾಡಿ ಮುಗಿಸೋದರೊಳಗೆ ನನ್ನ ಕೂದಲು ಹಣ್ಣಾಗುತ್ತೆ!" ಎಂದು ಕೂಗಿದ.

"ಇರೋದು ನಾಲ್ಕು ಕೂದಲು, ಅದಕ್ಯಾಕಣ್ಣ ಇಷ್ಟು ಕೂಗಾಟ?" ಎಂದಳೇನೋ ನಿಜ. ಆದರೆ ಅವನ ಮಾತು ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು. ಗಿರಣಿ ನಡೆಸುತ್ತಿದ್ದ ಯಜಮಾನರ ಮಗಳು ಹೊಸ ಕಂಪ್ಯೂಟರ್ ತರಿಸಲು ನೋಡಿದ್ದಳು. ಹೊಸದಕ್ಕೆ ಈ ಹಳೇ ಮಗ್ಗಗಳ ಭಾಷೆ ಬಾರದು. ಮಗ್ಗಗಳನ್ನೂ ಬದಲಾಯಿಸುವುದೆಂದರೆ ಅರ್ಧ ಜನ ಮನೆಗೆ ಹೋಗಬೇಕು.

ಕಂಪ್ಯೂಟರಕ್ಕ ಮೊದಲು ತನಗೆ ತೋಚಿದ್ದನ್ನು ಮಾಡಿದಳು. ಡಿಸ್ಕು ತುಂಬಿ ತುಳುಕುತ್ತಿದೆ, ಅದಕ್ಕೇ ಏದುಸಿರು ಎಂದುಕೊಂಡು ಹಳೆಯ ಕಸವನ್ನೆಲ್ಲ ಅಳಿಸಿದಳು. ಕೂದಲೆಳೆಯಷ್ಟೂ ಚುರುಕಾಗಲಿಲ್ಲ. ಕೇಬಲ್ಲು ಬದಲಿಸಿದಳು, ಧೂಳು ಹೊಡೆದಳು. ಊಹೂಂ. ಕೊನೆಗೆ, ಆ ಯಂತ್ರವನ್ನು ಕೂರಿಸಿ ಹೋಗಿದ್ದ ಎಂಜಿನಿಯರನ್ನು ಹುಡುಕಿ ಫೋನು ಮಾಡಿದಳು. ಅವರೂ ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದರು.

"ನಕ್ಷೆಗಳನ್ನ ಆಗಾಗ ತಿದ್ದಿ ಇಡ್ತೀಯಾ?" ಎಂದು ಕೇಳಿದರು.

"ತಿದ್ದದೇ ಇರೋ ದಿನ ಇಲ್ಲ ಸಾರ್."

"ಅಲ್ಲೇ ಇರೋದು ನೋಡು. ತಿದ್ದಿದಾಗೆಲ್ಲ ಅದು ಖಾಲಿ ಸಿಕ್ಕ ಸಂದಿಯಲ್ಲಿ ಒಂದು ಚೂರು ತುರುಕುತ್ತೆ. ಈಗ ಒಂದೊಂದು ನಕ್ಷೆಯೂ ಚೂರು ಚೂರಾಗಿ ಮೂಲೆಮೂಲೆಯಲ್ಲಿ ಕೂತಿದೆ. ಒಂದೇ ಮನೆ ಮಕ್ಕಳು ಊರಿನ ಬೇರೆ ಬೇರೆ ಶಾಲೆಗೆ ಹೋದ ಹಾಗೆ. ಕರ್ಕೊಂಡು ಬರೋಕೆ ತಾಯಿ ಊರೆಲ್ಲ ಸುತ್ತಬೇಡ್ವೇ? ನೀನು ಅಳಿಸಿದ್ದರಿಂದ ಸಂದಿಗಳು ಹೆಚ್ಚಾದವು, ಅಷ್ಟೇ."

"ಹಾಗಾದ್ರೆ ದಾರಿ?"

"ಎಲ್ಲಾನೂ ಟೇಪಿಗೆ ನಕಲು ತೆಗಿ. ನಕ್ಷೆಗಳಿರೋ ಡಿಸ್ಕನ್ನ ಪೂರ್ತಿ ಒರೆಸು. ವಾಪಸು ತುಂಬು. ತುಂಬುವಾಗ ಸಾಲಾಗಿ ಕೂರುತ್ತೆ."

"ಒರೆಸಿದ ಮೇಲೆ ಟೇಪು ಕೈಕೊಟ್ರೆ?"

"ಎರಡು ಟೇಪು ಮಾಡಮ್ಮ. ದೇವರ ಮೇಲೆ ಭಾರ ಹಾಕೋದು ಅದಾದ ಮೇಲೆ."

ಯಜಮಾನರ ಮಗಳು ಒಪ್ಪಿದಳು. ಆದರೂ ಕಂಪ್ಯೂಟರಕ್ಕನಿಗೆ ಇನ್ನೊಬ್ಬರನ್ನು ಕೇಳದೆ ಕೈ ಮುಂದಾಗಲಿಲ್ಲ. ಸಂಜೆ ಮಾವ ವರಾಂಡದಲ್ಲಿ ಕನ್ನಡಕ ಒರೆಸುತ್ತ ಕೂತಿದ್ದಾಗ ವಿಷಯ ತೆಗೆದಳು.

"ಯಜಮಾನರ ಮನೆಯವರು ಹೂಂ ಅಂದಮೇಲೆ ನನ್ನನ್ನೇನು ಕೇಳೋದು?" ಎಂದರು ಅವರು.

"ಗಿರಣಿ ಅವರದು. ನಕ್ಷೆ ನಿಮ್ಮದಲ್ವಾ ಮಾವ?"

ಅವರು ಕನ್ನಡಕ ಹಾಕಿಕೊಂಡರು. ಎದ್ದು ಒಳಗೆ ಹೋದರು. ಅವಳಿಗೆ ಮುಖಕ್ಕೆ ಬಾಗಿಲು ಹಾಕಿದ ಹಾಗಾಯಿತು. ಆದರೆ ವಾರದ ರಜೆಯ ದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹೊರಟವಳನ್ನು ತಡೆದು, "ತಿಂದು ಹೋಗು. ಹಸಿದ ಕೈ ನಡುಗುತ್ತೆ" ಎಂದರು.

ಗಿರಣಿ ಸ್ತಬ್ಧವಾಗಿತ್ತು. ಎರಡು ಟೇಪು ಮಾಡಿದಳು, ಎರಡನ್ನೂ ಓದಿಸಿ ನೋಡಿದಳು. ಸರಿಯಿದ್ದವು. ಒರೆಸುವ ಆಜ್ಞೆ ಟೈಪು ಮಾಡಿ ಬೆರಳನ್ನು ಗಾಳಿಯಲ್ಲೇ ಹಿಡಿದುಕೊಂಡಳು. ಆ ಯುನಿಕ್ಸು "ನಿಜವಾಗ್ಲೂನಾ?" ಎಂದು ಕೇಳುವ ಜಾತಿಯದಲ್ಲ, ಹೇಳಿದರೆ ಮಾಡಿ ಮುಗಿಸುತ್ತದೆ. ಕಣ್ಣು ಮುಚ್ಚಿ ಒತ್ತಿದಳು. ಅಷ್ಟೂ ಹೂಗಳು ಇಲ್ಲವಾದವು.

ಮೊದಲ ಟೇಪು ಚೆನ್ನಾಗಿಯೇ ಹೊರಟಿತು. ಸ್ವಲ್ಪ ದೂರ ಹೋಗಿ ಕಿರ್ರೆಂದಿತು. ತೆಗೆದು ನೋಡಿದರೆ ಟೇಪು ಓಡಿಸುವ ಯಂತ್ರದ ರಬ್ಬರ್ ಉರುಳೆ ಅದನ್ನು ಎಳೆದು ಅಗಿದು ಹಾಕಿತ್ತು. ಇನ್ನು ಉಳಿದದ್ದು ಒಂದೇ. ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಉರುಳೆಯನ್ನು ತಿಕ್ಕಿ ತಿಕ್ಕಿ ಒರೆಸಿ, ಜೀವ ಕೈಯಲ್ಲಿ ಹಿಡಿದು ಎರಡನೆಯದನ್ನು ಹಾಕಿದಳು. ಅದು ಎಲ್ಲೋ ಒಮ್ಮೆ ತಡವರಿಸಿತು, ಮತ್ತೆ ಓಡಿತು. ಮಧ್ಯಾಹ್ನ ನಕ್ಷೆಗಳನ್ನು ಒಂದೊಂದಾಗಿ ತೆರೆದು ನೋಡಿದಳು. ತಡವರಿಸಿದ ಜಾಗದಲ್ಲಿ ಒಂದು ಹಾಳಾಗಿತ್ತು: ದಾಳಿಂಬೆಯ ನಕ್ಷೆ. ಅರ್ಧ ಹಣ್ಣು, ಮಿಕ್ಕದ್ದೆಲ್ಲ ಕಲಸುಮೇಲೋಗರ.

ಮರುದಿನ ಮಗ್ಗಗಳು ಒಂದೇ ಉಸಿರಿಗೆ ನೇಯ್ದವು. ಗುಡುಗಣ್ಣ ಬಟ್ಟೆಯನ್ನು ಬೆಳಕಿಗೆ ಹಿಡಿದು ಹುಡುಕಿಯೇ ಹುಡುಕಿದ. ಗೆರೆ ಸಿಗಲಿಲ್ಲ. "ಇನ್ನು ನಾನು ಯಾರ ಮೇಲೆ ಕೂಗಾಡ್ಲಿ?" ಎಂದು ಪೆಚ್ಚಾಗಿ ಕೇಳಿದ. ಎಲ್ಲರೂ ನಕ್ಕರು, ಅವಳೊಬ್ಬಳು ಬಿಟ್ಟು. ದಾಳಿಂಬೆಯ ವಿಷಯವನ್ನು ಯಜಮಾನರ ಮಗಳಿಗೆ ಹೇಳಿದಾಗ, "ಒಂದು ತಾನೆ, ಬಿಡಿ" ಎಂದಿದ್ದಳು. ಮನೆಯಲ್ಲಿ ಅಷ್ಟು ಸುಲಭಕ್ಕೆ ಬಾಯಿ ಬರಲಿಲ್ಲ. ಊಟಕ್ಕೆ ಬಡಿಸುತ್ತ, ತಟ್ಟೆ ನೋಡುತ್ತಲೇ ಹೇಳಿದಳು.

ಮಾವ ತುತ್ತು ನುಂಗಿ ಕೇಳಿದರು: "ಯಾವುದು? ಒಡೆದ ಹಣ್ಣಿನದಾ, ಇಡೀ ಹಣ್ಣಿನದಾ?"

"ಒಡೆದದ್ದು, ಮಾವ."

"ಹೋಗ್ಲಿ ಬಿಡು. ಅದರ ಮೂಲೆ ನನಗೆ ಯಾವತ್ತೂ ಸರಿ ಅನ್ನಿಸಿರಲಿಲ್ಲ. ಅವಸರಕ್ಕೆ ಬರೆದದ್ದು." ಮತ್ತೆರಡು ತುತ್ತಾದ ಮೇಲೆ, "ಆ ಡಬ್ಬದೊಳಗೇ ಬರೀಬಹುದಂತೆ, ಹೌದಾ?" ಎಂದರು.

ಮಾರನೆಯ ದಿನ ಒಗೆದ ಅಂಗಿ ತೊಟ್ಟು ಸೊಸೆಯ ಜೊತೆ ಬಸ್ಸು ಹತ್ತಿದರು. ಗಿರಣಿಯಲ್ಲಿ ಕಂಪ್ಯೂಟರಿನ ಪರದೆಯ ಮುಂದೆ ಕೂತು, ಮೌಸು ಮುಟ್ಟದೆ, ಬೆರಳಲ್ಲಿ ತೋರಿಸುತ್ತ ಬರೆಸಿದರು. "ಇಲ್ಲೊಂದು ಬೀಜ. ಅಲ್ಲಲ್ಲ, ಎಡಕ್ಕೆ. ನಿನ್ನ ಎಡ ಯಾವುದಮ್ಮ?" ಅವಳು ಚೌಕಗಳನ್ನು ಒತ್ತುತ್ತ ಹೋದಳು. ಮಧ್ಯೆ ಒಂದು ಎಲೆಯನ್ನು ತಾನೇ ಬಾಗಿಸಿದಳು. ಅವರು ತಲೆ ವಾಲಿಸಿ ನೋಡಿ, "ಇರ್ಲಿ" ಎಂದರು.

ಯಂತ್ರ ಇನ್ನೂ ಕೆಲವು ವರ್ಷ ದುಡಿಯಿತು. ಆಗಾಗ ಅವಳು ಅದನ್ನು ಹಾಗೆಯೇ ಒರೆಸಿ ತುಂಬುತ್ತಿದ್ದಳು, ಮೂರು ಟೇಪು ಮಾಡಿಕೊಂಡು. ಮಾವ ಮೊಣಕಾಲು ನೋವು ಬಿಟ್ಟ ದಿನಗಳಲ್ಲಿ ಬರುತ್ತಿದ್ದರು, ಕುರ್ಚಿ ಗಟ್ಟಿಯೆಂದು ಗೊಣಗುತ್ತಿದ್ದರು, ಹೊಸದೊಂದು ಬಳ್ಳಿ ಬರೆಸಿ ಹೋಗುತ್ತಿದ್ದರು.